ಹಿತಕಿದ ಬೇಳೆಗೆ ಒಂದು ಜಗಲಿ

ಮೊನ್ನೆ ಜೆ.ಪಿ. ನಗರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ತಳ್ಳುಗಾಡಿಯವನೊಬ್ಬ ಅವರೆಕಾಯಿ ರಾಶಿ ಹಾಕಿಕೊಂಡು ನಿಂತಿದ್ದ. ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದೆ. ಸೊಗಡು ಚೆನ್ನಾಗಿತ್ತು. ಕಾಯಿಯ ಮೇಲಿನ ಅಂಟು ಬೆರಳಿಗೆ ಹತ್ತಿದ್ದು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗಲಿಲ್ಲ. ನಾನು ಗದಗಿನ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬರುವವರೆಗೆ ಅವರೆಕಾಯಿಯನ್ನು ಮೂಸಿ ನೋಡಿ ಕೊಳ್ಳಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಕಲಿಸಿದವರು ಉತ್ತರಹಳ್ಳಿಯ ನಮ್ಮ ಓನರ್ ಆಂಟಿ. ಗಾಡಿಯ ಮುಂದೆ ನಿಂತಾಗ ಅವರ ದನಿಯೇ ಕೇಳಿದ ಹಾಗಾಯಿತು. "ಮೂಸಿ ನೋಡೇ! ಮೂಗೇನು ಬರೀ ಮೂಗುಬಟ್ಟು ಹಾಕ್ಕೊಳ್ಳಕ್ಕಾ ಇರೋದು?"

ಬೇಡವೆಂದರೂ ಚೀಲ ತುಂಬಾ ಕೊಂಡುಬಿಟ್ಟೆ. ಮನೆಯಲ್ಲಿರುವುದು ನಾವಿಬ್ಬರೇ. ಅಷ್ಟು ಅವರೆಕಾಯಿ ಯಾರಿಗೆ ಎಂದು ಗಂಡ ಕೇಳಿಯೇ ಕೇಳುತ್ತಾರೆ...

ಓನರ್ ಆಂಟಿಯ ಮನೆಯ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ರೂಮು, ಒಂದು ಪುಟ್ಟ ಅಡುಗೆಮನೆ ಇದ್ದವು. ಅದಕ್ಕೆ ಶೀಟ್ ಮನೆ ಅಂತಲೇ ಹೆಸರು. ನಾವು ಅಲ್ಲಿಗೆ ಬಾಡಿಗೆಗೆ ಬಂದೆವು. ಬಂದ ಮರುದಿನ ಬೆಳಿಗ್ಗೆಯೇ ಜಗಳ. ನಾನು ರೊಟ್ಟಿ ಬಡಿಯುತ್ತಿದ್ದೆ, ಯಾರೋ ಬಾಗಿಲು ಬಡಿದರು. ತೆಗೆದರೆ, ಕೈಯಲ್ಲಿ ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದ ಓನರ್ ಆಂಟಿ.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಯಾರನ್ನ ಹೊಡೀತಿದ್ದೀಯಾ? ಕೆಳಗಡೆ ಸೀಲಿಂಗ್ ಉದುರೋ ಹಂಗೆ ಸದ್ದು!"

ನಾನೇನು ಸುಮ್ಮನಿರುವವಳೇ? "ರೊಟ್ಟಿ ಬಡಿಯಾಕತ್ತೀನ್ರಿ. ನಮ್ಮ ಕಡೆ ರೊಟ್ಟಿ ಸಪ್ಪಳ ಕೇಳಲಿಲ್ಲಂದ್ರ ಆ ಮನ್ಯಾಗ ಗಂಡ ಹೆಂಡ್ತಿ ಜಗಳಾಡ್ಯಾರ ಅಂತ ತಿಳ್ಕೋತಾರ್ರಿ" ಎಂದೆ.

ಅವರು ನನ್ನನ್ನೂ ಹಂಚನ್ನೂ ಒಮ್ಮೆ ನೋಡಿದರು. "ಹೌದಾ? ಒಂದು ಕೊಡು ನೋಡಣ" ಎಂದರು. ನಿಂತಲ್ಲೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು, ಇನ್ನೊಂದು ಕೇಳಿದರು. ಅಂದಿನಿಂದ ಯಾವತ್ತಾದರೂ ರೊಟ್ಟಿಯ ಸದ್ದು ಕೇಳದಿದ್ದರೆ ಕೆಳಗಿನಿಂದ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. "ಯಾಕೇ ಶೀಟ್ ಮನೇ, ಜಗಳ ಆಡಿದ್ರಾ?"

ಬಾಡಿಗೆಯವರನ್ನು ಅವರು ಯಾವತ್ತೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಂಗಳೂರಿನವರು ಕೆಳಗಿನ ಮನೆ, ಮಂಡ್ಯದವರು ಹಿಂದಿನ ಮನೆ, ನಾನು ಶೀಟ್ ಮನೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅವರು ಈ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. "ಆವಾಗ ರಾಗಿ ಬೆಳೀತಿದ್ವಿ, ಈವಾಗ ಬಾಡಿಗೆ ಬೆಳೀತೀವಿ" ಎಂದು ನಗುತ್ತಿದ್ದರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ದೊಡ್ಡ ಮಗ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಆದರೆ ಮನೆಯೊಳಗೆ ಅವರ ಮಾತಿಗೂ ಆಂಟಿಯ ಮಾತಿಗೂ ಪೈಪೋಟಿ ಬಿದ್ದರೆ ಗೆಲ್ಲುವುದು ಯಾರು ಅಂತ ನಮಗೆಲ್ಲ ಗೊತ್ತಿತ್ತು.

ಅವರ ಮನೆಯಿಂದ ಎರಡು ತಿರುವು ದಾಟಿದರೆ ಹಳೇ ಊರಿನ ಭಜನೆ ಮನೆ. ಅದನ್ನು ಯಾವಾಗ ಕಟ್ಟಿದರೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆಂಟಿಯ ಮಾವನವರ ತಾತ ಹುಡುಗನಾಗಿದ್ದಾಗಲೇ ಇತ್ತಂತೆ. ಗಾರೆ ಗೋಡೆ, ಮರದ ತೊಲೆಗಳು, ಮಂಗಳೂರು ಹೆಂಚು. ಮುಂದುಗಡೆ ಕಲ್ಲುಕಂಬಗಳ ಸಾಲು, ಕಂಬಗಳ ಕೆಳಗೆ ಬೀದಿಗೆ ಮುಖ ಮಾಡಿದ ಉದ್ದನೆಯ ಚಪ್ಪಡಿಯ ಜಗಲಿ. ಕೂತು ಕೂತು ಆ ಕಲ್ಲು ನುಣುಪಾಗಿ ಹೊಳೆಯುತ್ತಿತ್ತು. ಶನಿವಾರ ಸಂಜೆ ಒಳಗೆ ಗಂಡಸರ ಭಜನೆ, ಹೊರಗೆ ಜಗಲಿಯ ಮೇಲೆ ಹೆಂಗಸರು. ಇದು ಯಾರೂ ಹಾಕಿದ ರೂಲ್ ಅಲ್ಲ, ಹಾಗೇ ನಡೆದುಕೊಂಡು ಬಂದದ್ದು. ಆಂಟಿಗೆ ಎಲ್ಲ ಭಜನೆಗಳೂ ಬಾಯಿಗೆ ಬರುತ್ತಿದ್ದವು, ಎಲ್ಲವನ್ನೂ ಗೋಡೆಯ ಈಚೆಯಿಂದಲೇ ಕಲಿತದ್ದು.

ಅವರೆಕಾಯಿ ಕಾಲ ಬಂದರೆ ಜಗಲಿಗೆ ಜೀವ ಬರುತ್ತಿತ್ತು. ಹಿತಕಿದ ಬೇಳೆ ಮಾಡುವುದು ಒಬ್ಬರ ಕೆಲಸವಲ್ಲ. ಕಾಯಿ ಸುಲಿದು, ಕಾಳನ್ನು ನೀರಲ್ಲಿ ನೆನೆಹಾಕಿ, ಒಂದೊಂದು ಕಾಳನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರಬೇಕು. ಪಾತ್ರೆ ತುಂಬುವಷ್ಟರಲ್ಲಿ ಉಗುರು ನೋಯುತ್ತದೆ, ಮಾತಾಡದೆ ಕೂತರೆ ಹುಚ್ಚೇ ಹಿಡಿಯುತ್ತದೆ. ಅದಕ್ಕೇ ಊರಿನ ಹೆಂಗಸರೆಲ್ಲ ತಂತಮ್ಮ ಪಾತ್ರೆ ಹೊತ್ತು ಜಗಲಿಗೆ ಬರುತ್ತಿದ್ದರು. ಯಾರ ಕಾಳು ಯಾರು ಬೇಕಾದರೂ ಹಿತಕಬಹುದು. ಬಾಡಿಗೆಯವರಾದ ನಮಗೂ ಬಿಡುಗಡೆ ಇರಲಿಲ್ಲ. "ಬಾಡಿಗೆ ಲೇಟಾದ್ರೂ ಪರವಾಗಿಲ್ಲ, ಕಾಳು ಹಿತಕಕ್ಕೆ ಲೇಟಾಗಿ ಬಂದ್ರೆ ನೋಡು!" ಎನ್ನುತ್ತಿದ್ದರು. ನಾನು ಮೊದಲ ಸಲ ಹಿತಕಿದ ಬೇಳೆ ನೇರವಾಗಿ ಅವರ ಕಣ್ಣಿಗೇ ಹಾರಿತ್ತು. ಅಯ್ಯೋ, ಆ ದಿನ ತಿಂದ ಬೈಗುಳ...

ಒಂದು ವರ್ಷ ಕಾರ್ತಿಕ ಮಾಸದಲ್ಲಿ ಭಜನೆ ಮನೆಯ ತೊಲೆಯೊಂದು ಗೆದ್ದಲು ಹಿಡಿದು ಕುಸಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಊರಿನ ಹಿರಿಯರು ಅದರ ಮುಂದೆಯೇ ಸಭೆ ಸೇರಿದರು. ಆಂಟಿಯ ದೊಡ್ಡ ಮಗನೇ ಮುಂದಾಳು. ಹಳೇ ಕಟ್ಟಡ ಕೆಡವಿ, ಕೆಳಗೆ ಅಂಗಡಿ, ಮೇಲೆ ಒಂದು ಹಾಲ್ ಕಟ್ಟುವುದು ಅಂತ ಮಾತಾಯಿತು. ಭಜನೆಗೂ ಹಾಲಿನಲ್ಲೇ ಜಾಗ ಕೊಡುತ್ತಾರಂತೆ. ಎಲ್ಲರೂ ತಲೆಯಾಡಿಸಿದರು. ಆಗ ಜಗಲಿಯ ಮೇಲಿಂದ ಆಂಟಿ ಕೇಳಿದರು, "ರಿಪೇರಿಗೆ ದುಡ್ಡು ಬಂದ್ರೆ ಕೆಡವಲ್ಲ ತಾನೇ?"

"ಎಲ್ಲಿಂದ ಬರುತ್ತಮ್ಮಾ ಅಷ್ಟೊಂದು ದುಡ್ಡು?" ಎಂದರು ಮಗ.

"ಅದನ್ನ ನಾನು ನೋಡ್ಕೋತೀನಿ. ನೀನು ಯುಗಾದಿ ತನಕ ಬಾಯಿ ಮುಚ್ಕೊಂಡಿರು."

ಸಭೆಯೆಲ್ಲ ನಕ್ಕಿತು. ಹಾಗೆ ನಗುನಗುತ್ತಲೇ ಯುಗಾದಿಯವರೆಗೆ ಗಡುವು ಸಿಕ್ಕಿತು.

ಮರುದಿನ ಬೆಳಿಗ್ಗೆ ಶೀಟ್ ಮನೆಯ ಬಾಗಿಲಿಗೆ ಬಂದರು. ನಾನು ಆಗ ಬನಶಂಕರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ನನ್ನ ಕೈಯಲ್ಲೇ ಆಗುತ್ತಿದ್ದವು. ಆಂಟಿ ಒಂದು ಸಣ್ಣ ಪುಸ್ತಕ ನನ್ನ ಮುಂದೆ ಹಾಕಿದರು. ಜಯನಗರದಲ್ಲಿ ಯಾರದೋ ಮದುವೆಗೆ ಹೋಗಿದ್ದಾಗ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಬದಲು ಕೊಟ್ಟಿದ್ದ ಅಡುಗೆ ಪುಸ್ತಕ ಅದು.

"ನೋಡು, ಇಂಥದ್ದೇ ನಾವೂ ಮಾಡಣ. ಓದ್ತಾರೋ ಬಿಡ್ತಾರೋ, ಮದುವೆ ಮನೆಯವರು ತಗೋತಾರೆ. ಕಾಯಿ ಆದ್ರೆ ಕೊಳೆಯುತ್ತೆ, ಪುಸ್ತಕ ಕೊಳೆಯಲ್ವಲ್ಲಾ. ನಮ್ಮೂರಲ್ಲಿ ಮಾಘ ಮಾಸದಲ್ಲಿ ಎಷ್ಟು ಮದುವೆ ಇದಾವೆ ಗೊತ್ತಾ? ಒಬ್ಬೊಬ್ಬರ ಮನೆಗೂ ನಾನೇ ಹೋಗ್ತೀನಿ."

"ಅಡಗಿ ಯಾರು ಬರೆದು ಕೊಡ್ತಾರ್ರಿ ಆಂಟಿ?"

"ಬರೆಯೋದ್ಯಾಕೆ? ಜಗಲಿಗೆ ಬಾ."

ಆ ವರ್ಷದ ಅವರೆಕಾಯಿ ಕಾಲ ನಾನು ಸಾಯುವವರೆಗೂ ಮರೆಯುವುದಿಲ್ಲ. ಪ್ರೆಸ್ಸಿನಿಂದ ಬಂದವಳೇ ಜಗಲಿಗೆ ಓಡುತ್ತಿದ್ದೆ. ಎಲ್ಲರ ಕೈಯಲ್ಲೂ ಕಾಳು, ಬಾಯಲ್ಲಿ ಅಡುಗೆ. ಬರೆದು ಕೊಡಿ ಎಂದರೆ ಒಬ್ಬರೂ ಕೊಡುತ್ತಿರಲಿಲ್ಲವೇನೋ. ಹಿತಕುತ್ತಾ ಕೂತಾಗ ಎಲ್ಲ ತಾನೇ ಹೊರಬಂತು. ಹಿಂದಿನ ಮನೆಯವರು ಬಸ್ಸಾರು ಹೇಳಿದರೆ ಕೆಳಗಿನ ಮನೆಯವರು ಅದಕ್ಕೂ ತೆಂಗಿನೆಣ್ಣೆ ಹಾಕಬಹುದು ಎಂದರು. ಅಷ್ಟಕ್ಕೇ ಹಿಂದಿನ ಮನೆಯವರು ಎರಡು ದಿನ ಮಾತು ಬಿಟ್ಟರು. ಒಂದು ಮುದುಕಿ ಧಾರಾಳವಾಗಿ ನಾಟಿ ಕೋಳಿ ಸಾರು ಶುರು ಮಾಡಿತು. ಭಜನೆ ಮನೆಯ ಪುಸ್ತಕದಲ್ಲಿ ಕೋಳಿಯೇ ಎಂದು ಯಾರೋ ಹೌಹಾರಿದರು. "ಕೋಳಿ ಸಾರು ಎರಡನೇ ಪುಸ್ತಕಕ್ಕೆ ಇಡಿ, ಆವಾಗ ಗರಡಿ ಮನೆ ರಿಪೇರಿ ಮಾಡ್ಸಣ" ಎಂದು ಆಂಟಿ ತೀರ್ಪು ಕೊಟ್ಟರು. ನಾನು ಎಣ್ಣೆಗಾಯಿ ಹೇಳಿದೆ.

ಹೆಸರಿನ ವಿಷಯಕ್ಕೆ ಮಾತ್ರ ನನಗೂ ಅವರಿಗೂ ಜೋರು ಜಟಾಪಟಿ ಆಯಿತು. ಅಡುಗೆಯ ಕೆಳಗೆ ಹೇಳಿದವರ ಹೆಸರು ಹಾಕಬೇಕು ಅಂತ ನನ್ನ ಹಟ. ಅವರು ಸುತರಾಂ ಒಪ್ಪಲಿಲ್ಲ. "ಹೆಸರು ಹಾಕಿದ್ರೆ ಒಬ್ಬಳಿಗೆ ಆಯ್ತು. ಮನೆ ಹೆಸರು ಹಾಕು, ನಾಳೆ ಬಾಡಿಗೆಗೆ ಬರೋಳಿಗೂ ಆಗುತ್ತೆ" ಎಂದರು. ನನಗೆ ಸಿಟ್ಟು ಬಂತು. ಪುಸ್ತಕಕ್ಕೆ ಮೈಮುರಿದು ದುಡಿದವಳು ನಾನು, ಕೊನೆಗೆ ನನ್ನ ಎಣ್ಣೆಗಾಯಿಯ ಕೆಳಗೆ ಏನಿದೆ? ಶೀಟ್ ಮನೆ!

ತಮ್ಮ ಹಿತಕಿದ ಬೇಳೆ ಸಾರನ್ನು ಮಾತ್ರ ಅವರು ಹೇಳಲಿಲ್ಲ. ಊರಿಗೇ ಹೆಸರಾದ ಸಾರು ಅದು. ಕೇಳಿದಾಗಲೆಲ್ಲ "ನಂದು ಕೊನೇಲಿ" ಎನ್ನುತ್ತಿದ್ದರು. ಕೊನೆಯ ಪುಟ ಖಾಲಿ ಬಿಟ್ಟು ಕಾಯುತ್ತಿದ್ದೆ.

ಒಂದು ಸಂಜೆ ಜಗಲಿಯ ಮೇಲೆ ನಾವಿಬ್ಬರೇ ಉಳಿದಿದ್ದೆವು. ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ. "ಒಳಗ ಕಾಲಿಡದ ಈ ಭಜನಿ ಮನೀ ಸಲುವಾಗಿ ಯಾಕ್ರೀ ಇಷ್ಟು ಒದ್ದಾಡ್ತೀರಿ?"

ಅವರು ತಲೆ ಎತ್ತಲಿಲ್ಲ. ಕಾಳು ಹಿತಕುತ್ತಲೇ ಹೇಳಿದರು. "ಒಳಗಡೆ ಕಟ್ಕೊಂಡು ನಂಗೇನಾಗ್ಬೇಕೇ? ನಂಗೆ ಬೇಕಾಗಿರೋದು ಈ ಜಗಲಿ. ಬೇಗೂರಿಂದ ಮದುವೆಯಾಗಿ ಬಂದಾಗ ನಮ್ಮತ್ತೆ ಮುಂದೆ ಉಸಿರು ಬಿಡಕ್ಕೂ ಹೆದರ್ತಿದ್ದೆ. ಈ ಊರಲ್ಲಿ ನಾನು ಮೊದಲನೇ ಸಲ ನಕ್ಕಿದ್ದು ಇಲ್ಲಿ ಕಣೇ. ಮಕ್ಕಳಪ್ಪ ಹೋದಾಗ ಮನೇಲಿ ಕೂತ್ರೆ ಗೋಡೆ ಮೈಮೇಲೆ ಬಂದಂಗಾಗೋದು. ಊರವರೇ ಕೈ ಹಿಡ್ಕೊಂಡು ಬಂದು ಈ ಕಂಬಕ್ಕೆ ಒರಗಿಸಿ ಕೂರಿಸಿದ್ರು. ಮಡಿಲಿಗೆ ಒಂದು ಮೊರ ಕಾಳು ಇಟ್ರು. ಅಳೋ ಹಂಗಿದ್ರೆ ಅಳು, ಕೈ ಮಾತ್ರ ನಿಲ್ಲಿಸಬೇಡ ಅಂದ್ರು. ದೊಡ್ಡೋನು ಇನ್ನೂ ಚಿಕ್ಕೋನು, ಇಲ್ಲೇ ಯಾರದೋ ತೊಡೆ ಮೇಲೆ ಮಲಗಿರೋನು. ಇಡೀ ಚಳಿಗಾಲ ಹಂಗೇ ಕಳೀತು. ಈ ಜಗಲಿ ಇಲ್ದೆ ಇದ್ದಿದ್ರೆ ನಾನು ಇರ್ತಿರಲಿಲ್ಲ..."

ಅವರ ಪಾತ್ರೆಯಿಂದ ಒಂದು ಹಿಡಿ ಕಾಳು ತೆಗೆದುಕೊಂಡು ಹಿತಕತೊಡಗಿದೆ.

ಆಂಟಿ ಮಾತಿಗೆ ತಕ್ಕಂತೆ ಮದುವೆ ಮನೆ ಮದುವೆ ಮನೆ ಅಲೆದರು. ಒಮ್ಮೊಮ್ಮೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಅರೆಕೆರೆಯ ಒಬ್ಬ ಬೀಗರ ಮನೆಯಲ್ಲಿ ಕೂತವರು ಪುಸ್ತಕಕ್ಕೆ ಮುಂಗಡ ಕೊಡುವವರೆಗೆ ಕಾಫಿಯ ಲೋಟ ಮುಟ್ಟಲಿಲ್ಲ. ಮಾಘ ಮಾಸದ ಮದುವೆಗಳಿಗೆಲ್ಲ ನಮ್ಮ ಪುಸ್ತಕವೇ ತಾಂಬೂಲವೆಂದು ನಿಶ್ಚಯವಾಯಿತು. ಪುಸ್ತಕ ಅಚ್ಚಾಗುವ ಮೊದಲೇ ಮುಂಗಡದ ದುಡ್ಡು ರಿಪೇರಿಗೆ ಸಾಕಾಗುವಷ್ಟು ಕೂಡಿತು. ಮಗನೂ ಸೋತೆನೆಂದು ಒಪ್ಪಿಕೊಂಡು ಕಂಟ್ರಾಕ್ಟರನ್ನು ಕರೆತಂದರು.

ಆಗ ಬಂತು ನೋಡಿ ಗ್ರಹಚಾರ. ವರ್ಷವರ್ಷ ಟಾರು ಹಾಕಿ ಹಾಕಿ ಆ ರಸ್ತೆ ಜಗಲಿಯ ಮಟ್ಟಕ್ಕೆ ಏರಿತ್ತು, ಮಳೆ ಬಂದರೆ ನೀರು ಬಾಗಿಲಿಗೇ ನುಗ್ಗುತ್ತಿತ್ತು. ಕಂಟ್ರಾಕ್ಟರ್ ಅಳತೆ ಹಿಡಿದು ನೋಡಿ, ಜಗಲಿ ತೆಗೆದುಬಿಡೋಣ, ಅಲ್ಲಿ ನೀರು ತಡೆಯುವ ಹಾಗೆ ಎತ್ತರಕ್ಕೆ ಗ್ರಾನೈಟ್ ಮೆಟ್ಟಿಲು ಮಾಡಿ ಗ್ರಿಲ್ ಗೇಟು ಹಾಕಿದರೆ ಲುಕ್ಕೂ ಬರುತ್ತೆ ಎಂದ. ಮಗ ಹೂಂ ಎಂದರು. ಕಟ್ಟಡ ಉಳಿಯಿತಲ್ಲ, ಇನ್ನೇನು ಅಂತ ಅವರ ಲೆಕ್ಕ. ನಾವು ಅದೇ ಜಗಲಿಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡೆವು. ಆಂಟಿ ಈಗ ಸಿಡಿಯುತ್ತಾರೆ ಎಂದು ನಾನು ಕಾದೆ. ಅವರು ಕಾಳಿನ ಪಾತ್ರೆ ಎತ್ತಿಕೊಂಡು ಮನೆಗೆ ಹೋದರು. ಅವರು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು, ನಿಜ ಹೇಳಬೇಕೆಂದರೆ ನನಗೆ ಭಯವಾಯಿತು.

ಬೆಳಿಗ್ಗೆ ನನ್ನ ರೊಟ್ಟಿಯ ಹೊತ್ತಿಗೆ ಮೇಲೆ ಬಂದರು. "ಕೊನೇ ಪುಟ ಖಾಲಿ ಇದೆಯಲ್ಲ? ಬರ್ಕೋ" ಎಂದರು. ಅವರು ಹೇಳಿದರು, ನಾನು ಬರೆದುಕೊಂಡೆ. ಮೊದಲ ಸಾಲಿಗೇ ಕೈ ನಿಂತಿತು. "ಆಂಟಿ, ಇದನ್ನ ಸಾಮಾನಿನ ಪಟ್ಟಿಯೊಳಗ ಹೆಂಗ ಹಾಕ್ಲಿರಿ?"

"ಹೇಳಿದಷ್ಟು ಬರಿ. ಪಾಠ ಆಮೇಲೆ ಮಾಡು."

ರಥಸಪ್ತಮಿಯ ದಿನ ಪುಸ್ತಕದ ಬಿಡುಗಡೆ. ಜಗಲಿಯ ಮುಂದೆ ಶಾಮಿಯಾನ, ಮದುವೆ ಮನೆಯವರು, ಊರವರು, ಬಾಡಿಗೆಯವರು, ಎಲ್ಲರೂ ಬಂದಿದ್ದರು. ಇವತ್ತಾದರೂ ಒಳಗೆ ಬಂದು ಕೂತುಕೊಳ್ಳಿ ಎಂದು ಗಂಡಸರು ಆಂಟಿಯನ್ನು ಕರೆದರು. "ಒಳಗಡೆ ಸೆಖೆ" ಎಂದು ಅವರು ತಮ್ಮ ಕಂಬಕ್ಕೆ ಒರಗಿ ಕೂತರು. ಮಗ ಮೈಕು ಹಿಡಿದರು. ಅಮ್ಮನ ಸಾರು ಕೊನೆಯ ಪುಟದಲ್ಲಿದೆ, ನಾನೇ ಓದುತ್ತೇನೆ ಎಂದು ಹೆಮ್ಮೆಯಿಂದ ಪುಸ್ತಕ ತೆರೆದರು.

"ಹಿತಕಿದ ಬೇಳೆ ಸಾರು. ಓನರ್ ಮನೆ. ಬೇಕಾಗುವ ಸಾಮಾನು: ಭಜನೆ ಮನೆ ಜಗಲಿ, ಒಂದು..."

ಓದು ನಿಂತಿತು. ಶಾಮಿಯಾನದಲ್ಲಿ ನಗು ಹರಡಿತು. ಮಗ ಅಮ್ಮನ ಕಡೆ ನೋಡಿದರು, ಅಮ್ಮ ಆಕಾಶ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಮುಂದಕ್ಕೆ ಓದಿದರು. ಸೊಗಡಿನ ಅವರೆಕಾಯಿ, ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಚಕ್ಕೆ ಲವಂಗ, ಧನಿಯ, ಗಸಗಸೆ. ಆಮೇಲೆ ಮಾಡುವ ವಿಧಾನ.

"ಮೊದಲು ಜಗಲಿಯ ಮೇಲೆ ಕೂರಬೇಕು. ಒಬ್ಬರೇ ಕೂತರೆ ಬೇಳೆ ಆಗುವುದಿಲ್ಲ. ನಗು ಬಂದರೆ ನಗಬಹುದು. ಅಳು ಬಂದರೆ ಅಳಬಹುದು, ಕೈ ಮಾತ್ರ ನಿಲ್ಲಿಸಬಾರದು..."

ಈ ಸಲ ಯಾರೂ ನಗಲಿಲ್ಲ. ಮಗ ಪುಸ್ತಕ ಕೆಳಗಿಳಿಸಿದರು. ಆ ಚಳಿಗಾಲ ಅವರಿಗೂ ನೆನಪಿತ್ತೇನೋ, ಯಾರದೋ ತೊಡೆಯ ಮೇಲೆ ಮಲಗಿದ್ದು... ಅಷ್ಟು ದೊಡ್ಡ ಮನುಷ್ಯ ಮೈಕು ಹಿಡಿದುಕೊಂಡು ಎಲ್ಲರ ಮುಂದೆ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು.

ಅಷ್ಟರಲ್ಲಿ ಕಂಬದ ಕಡೆಯಿಂದ ಕೂಗು. "ಓದೋ ಮುಂದಕ್ಕೆ! ಇನ್ನೂ ಒಗ್ಗರಣೆನೇ ಬಂದಿಲ್ಲ!"

ಶಾಮಿಯಾನ ಹಾರುವಂತೆ ಜನ ನಕ್ಕರು. ತಾಂಬೂಲದ ಚೀಲದಲ್ಲಿ ಮನೆಮನೆಗೆ ಹೋಗುವ ಪುಸ್ತಕದಲ್ಲಿ ಅಚ್ಚಾದ ಜಗಲಿಯನ್ನು ಆಮೇಲೆ ಯಾರು ಒಡೆಯುತ್ತಾರೆ? ಒಂದು ವಾರದಲ್ಲಿ ಕಂಟ್ರಾಕ್ಟರ್ ರಸ್ತೆಯ ಅಂಚಿಗೆ ಮೋರಿ ತೋಡಿ ನೀರಿಗೆ ಬೇರೆ ದಾರಿ ಮಾಡಿದ. ಜಗಲಿ ಇದ್ದ ಹಾಗೇ ಉಳಿಯಿತು.

ನಾವು ಶೀಟ್ ಮನೆ ಬಿಟ್ಟು, ಬೇರೆ ಬೇರೆ ಬಾಡಿಗೆ ಮನೆಗಳನ್ನು ಸುತ್ತಿ, ಕೊನೆಗೆ ಜೆ.ಪಿ. ನಗರಕ್ಕೆ ಬಂದೆವು. ಪ್ರತಿ ಅವರೆಕಾಯಿ ಕಾಲಕ್ಕೂ ಆಂಟಿಯ ಫೋನು ಬರುತ್ತಿತ್ತು. "ಯಾಕೇ, ಫ್ಲ್ಯಾಟ್ ತಗೊಂಡಿದ್ದೀನಿ ಅಂತ ಕೊಬ್ಬಾ? ಕಾಳು ಹಿತಕಕ್ಕೆ ಬರಲ್ವಾ?" ಹೋದ ಮಳೆಗಾಲದಲ್ಲಿ ಅವರ ಮಗನ ಫೋನು ಬಂತು. ನಾಲ್ಕೇ ದಿನ ಜ್ವರ ಬಂದಿತ್ತಂತೆ. ಆಟೋ ಹಿಡಿದು ಓಡಿದೆ. ದಾರಿಯುದ್ದಕ್ಕೂ ಅತ್ತೆ. ಅವರ ಮುಖ ನೋಡಲು ಮಾತ್ರ ಸಿಕ್ಕಿತು...

ಈ ವರ್ಷ ಫೋನು ಬರಲಿಲ್ಲ. ನಾನೇ ಕಾಳು ಸುಲಿದು ನೆನೆಹಾಕಿ, ಪಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಉತ್ತರಹಳ್ಳಿಯ ಬಸ್ಸು ಹತ್ತಿದೆ. ಭಜನೆ ಮನೆಯ ಹೆಂಚು ಕೆಂಪಗೆ ಹೊಳೆಯುತ್ತಿತ್ತು. ಜಗಲಿಯ ಮೇಲೆ ಹೆಂಗಸರು ಕೂತಿದ್ದರು, ಹೆಚ್ಚಿನವರು ಹೊಸಬರು. ಕಂಬದ ಪಕ್ಕದ ಜಾಗವೊಂದು ಖಾಲಿ ಇತ್ತು. ಯಾರೂ ಅಲ್ಲಿ ಕೂತಿರಲಿಲ್ಲ, ಕೂರಬೇಡಿ ಎಂದು ಯಾರೂ ಹೇಳಿರಲಿಕ್ಕಿಲ್ಲ. ನಾನು ಅದರ ಆಚೆ ಕೂತೆ.

ಒಬ್ಬಳು ಹುಡುಗಿ ಸರಿದು ಜಾಗ ಮಾಡಿಕೊಟ್ಟು ಕೇಳಿದಳು, "ಆಂಟಿ, ನೀವು ಯಾವ ಮನೆ?"

"ಶೀಟ್ ಮನೆ" ಎಂದೆ, ಯೋಚಿಸದೆ.

"ಅಯ್ಯೋ, ಈಗ ಶೀಟ್ ಮನೇಲಿರೋದು ನಾನು!" ಎಂದು ಕಣ್ಣರಳಿಸಿದಳು. "ಹಂಗಾದ್ರೆ ಎಣ್ಣೆಗಾಯಿ ನಿಮ್ದಾ? ನನ್ನ ಕಥೆ ಕೇಳಿ ಆಂಟಿ. ತುಮಕೂರಿಂದ ಬಂದು ಸಾಮಾನು ಇಳಿಸಿದ ದಿನಾನೇ ಓನರ್ ಅಜ್ಜಿ ಪುಸ್ತಕ ತಂದುಕೊಟ್ರು. ಇದು ನಿಮ್ಮ ಮನೆ ಅಡುಗೆ, ಕಲಿ ಅಂದ್ರು. ಮೂರು ಸಲ ಸೀದ್ಹೋಯ್ತು. ಈಗ ಸಖತ್ತಾಗಿ ಮಾಡ್ತೀನಿ."

ನಾಳೆ ಬರೋಳಿಗೂ ಆಗುತ್ತೆ... ಹೆಸರಿಗಾಗಿ ಅಷ್ಟು ಜಗಳವಾಡಿದ್ದ ನನಗೆ ಆ ಕ್ಷಣ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಹಿಂದೆಯೇ ಅಳು ಬಂತು. ಹುಡುಗಿ ಗಾಬರಿಯಾದಳು. ನಾನು ಕೈ ನಿಲ್ಲಿಸಲಿಲ್ಲ.

ಮನೆಗೆ ಬಂದು ಕೊನೆಯ ಪುಟ ತೆರೆದಿಟ್ಟುಕೊಂಡು ಸಾರು ಮಾಡಿದೆ. ಈ ಸಲ ಒಂದು ಸಾಮಾನೂ ಬಿಟ್ಟಿರಲಿಲ್ಲ, ಬೇಳೆಯನ್ನು ಜಗಲಿಯ ಮೇಲೇ ಕೂತು ಹಿತಕಿದ್ದೆ. ಗಂಡ ಚೆನ್ನಾಗಿದೆ ಎಂದು ಇನ್ನೊಮ್ಮೆ ಬಡಿಸಿಕೊಂಡರು. ನಾನು ಒಂದು ತುತ್ತು ಬಾಯಿಗಿಟ್ಟೆ. ಅವರ ಸಾರಿನ ರುಚಿ ಇರಲಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೆ ಓದಿದೆ. ಜಗಲಿಯನ್ನು ಮರೆಯದೆ ಬರೆಸಿದ ಓನರ್ ಆಂಟಿ, ತಮ್ಮನ್ನು ಮಾತ್ರ ಬರೆಸಿರಲಿಲ್ಲ.